ಐಸ್ ಕಡುಬಿನವರು

ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಏಪ್ರಿಲ್ ತಿಂಗಳಲ್ಲಿ. ಬ್ರಹ್ಮಾವರದಲ್ಲಿರುವ ಅವರ ಮಗಳು ಫೋನ್ ಮಾಡಿದ್ದಳು. ಶಾಲೆಗೆ ರಜೆ, ಮೈಯೆಲ್ಲ ಬೆವರು, ಫ್ಯಾನಿನ ಗಾಳಿಯೂ ಬಿಸಿ. ಫೋನ್ ಇಟ್ಟ ಮೇಲೆ ನನ್ನ ತಲೆಗೆ ಮೊದಲು ಬಂದದ್ದು ಒಂದು ವಿಚಿತ್ರವಾದ ಯೋಚನೆ. ಇವರು ಹೋಗುವುದೇ ಆದರೆ ಮಾಗಿ ಚಳಿಯಲ್ಲಿ ಹೋಗಬೇಕಿತ್ತು, ಈ ಸೆಕೆಯಲ್ಲಿ ಯಾಕೆ ಹೋದರು? ಸೆಕೆಗಾಲವೆಂದರೆ ಅವರಿಗೆ ಅಷ್ಟಕ್ಕಷ್ಟೆ. ಮಾರ್ಚಿನಿಂದ ಮೇವರೆಗೆ ಜಗಲಿಯಲ್ಲಿ ಸುಮ್ಮನೆ ಬೀಸಣಿಗೆ ಹಿಡಿದು ಕೂತಿರುತ್ತಿದ್ದರು, ಯಾರದೋ ಮನೆಗೆ ಬಂದ ನೆಂಟರ ಹಾಗೆ.

ನಾನು ಅವರನ್ನು ಮೊದಲು ಕಂಡದ್ದು 1997ರ ಡಿಸೆಂಬರಿನಲ್ಲಿ. ಬೈಂದೂರಿನ ಒಂದು ಹೈಸ್ಕೂಲಿಗೆ ವಿಜ್ಞಾನದ ಟೀಚರಾಗಿ ನೇಮಕವಾಗಿತ್ತು. ನಮ್ಮ ಊರು ಶಂಕರನಾರಾಯಣ. ಅಲ್ಲಿಂದ ದಿನಾ ಹೋಗಿ ಬರುವುದು ಆಗದ ಮಾತು ಎಂದು ಕುಂದಾಪುರದಲ್ಲಿ ಅವರ ಮನೆಯ ಒಂದು ಬದಿಯ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದೆ. ಮಗಳು ಮದುವೆಯಾಗಿ ಹೋದ ಮೇಲೆ ಖಾಲಿ ಬಿದ್ದಿದ್ದ ಕೋಣೆ ಅದು. ಮೊದಲ ದಿನ ಬೆಳಿಗ್ಗೆ ಆರು ಗಂಟೆಗೆ ಹಲ್ಲುಜ್ಜಲು ಹೊರಗೆ ಬಂದರೆ ಜಗಲಿಯಲ್ಲಿ ಇವರು ಕೂತಿದ್ದಾರೆ. ಕಿವಿ ಮುಚ್ಚುವ ಹಾಗೆ ಮಫ್ಲರ್, ಮೈಗೆ ಸ್ವೆಟರ್, ಕಾಲಿಗೆ ಸಾಕ್ಸು. ಕೈಯಲ್ಲೊಂದು ಸ್ಟೀಲ್ ಲೋಟ, ಚಮಚ. ಪಾಪ, ಹುಷಾರಿಲ್ಲ, ಕಷಾಯ ಕುಡಿಯುತ್ತಿದ್ದಾರೆ ಅಂದುಕೊಂಡೆ.

"ಎಂತ ಕಾಂತ್ರಿ ಟೀಚರೇ? ಐಸ್ ಕ್ರೀಮ್. ನಿಮ್ಗೂ ಇತ್ತ್, ಬನ್ನಿ."

"ಈ ಚಳಿಗಾ?"

"ಚಳಿಗಲ್ದೆ ಇನ್ನ್ಯಾವಾಗ? ಸೆಕಿಗ್ ತಿಂಬುದ್ ಬಾಯಾರ್ಕಿಗೆ. ಬಾಯಾರ್ಕಿಗ್ ನೀರ್ ಸಾಕಲ್ದಾ? ಐಸ್ ಕ್ರೀಮಿನ ರುಚಿ ಗೊತ್ತಾಪುದ್ ಚಳಿಗೇ."

ಒಳಗಿಂದ ಅವರ ಹೆಂಡತಿಯ ಸ್ವರ ಬಂತು. "ಅವ್ರ್ ಮಾತ್ ಕೇಣ್ಬೇಡಿ ಟೀಚರೇ. ಶೀತ ಆರೆ ಅನುಭವ್ಸುದ್ ನೀವೇ."

ಹೊಸ ಬಾಡಿಗೆಯವಳು, ಬೇಡ ಅನ್ನಲು ಸಂಕೋಚ. ಎರಡು ಚಮಚ ತಿಂದೆ. ತುಟಿ ಮರಗಟ್ಟಿತು, ಹಲ್ಲು ಜುಂ ಅಂದಿತು. ಆದರೆ ಅದು ಬಾಯೊಳಗೆ ಅವಸರವಿಲ್ಲದೆ ಕರಗಿತು. ಕಾಯಿಸಿ ಗಟ್ಟಿ ಮಾಡಿದ ಹಾಲು, ಆಮೇಲೆ ಸಕ್ಕರೆ, ಎಲ್ಲ ಮುಗಿದ ಮೇಲೆ ಎಲ್ಲೋ ಹಿಂದಿನಿಂದ ಏಲಕ್ಕಿ. ಒಂದೊಂದೂ ಬೇರೆ ಬೇರೆಯಾಗಿ ಬಂದು ಹೋಯಿತು. ಸಂಜೆಯವರೆಗೆ ಶೀತಕ್ಕಾಗಿ ಕಾದೆ, ಬರಲಿಲ್ಲ. ಮಕ್ಕಳಿಗೆ ಯಾವುದನ್ನೂ ಪರೀಕ್ಷಿಸದೆ ನಂಬಬೇಡಿ ಎಂದು ಪಾಠ ಮಾಡುವ ನಾನು ಈ ಒಂದನ್ನು ಅಷ್ಟು ವರ್ಷ ಹಾಗೇ ನಂಬಿಕೊಂಡು ಬಂದಿದ್ದೆ.

ನಮ್ಮ ಕರಾವಳಿಯ ಚಳಿ ಅಂದರೆ ಘಟ್ಟದ ಮೇಲಿನವರು ನಗುತ್ತಾರೆ. ವರ್ಷಕ್ಕೆ ಹತ್ತು ಹದಿನೈದು ಬೆಳಗು, ಅದೂ ಎಂಟು ಗಂಟೆಗೆ ಬಿಸಿಲು ಬಿದ್ದರೆ ಮುಗಿಯಿತು. ಅಷ್ಟಕ್ಕೇ ಕುಂದಾಪುರದ ಬಸ್ ಸ್ಟ್ಯಾಂಡಿನಲ್ಲಿ ಅರ್ಧ ಜನ ಮಫ್ಲರ್ ಸುತ್ತಿಕೊಂಡು ನಿಂತಿರುತ್ತಾರೆ. ಆ ಹತ್ತು ಹದಿನೈದು ಬೆಳಗಿಗಾಗಿ ಇವರು ವರ್ಷವಿಡೀ ಕಾಯುತ್ತಿದ್ದರು.

ಮೀನುಗಾರರ ಮನೆತನದವರು. ಆದರೆ ಬಲೆ ಹಿಡಿಯಲಿಲ್ಲ, ಚಿಕ್ಕ ವಯಸ್ಸಿನಲ್ಲಿ ಬೊಂಬಾಯಿಗೆ ಹೋಗಿ ಅಲ್ಲಿಂದ ಸರಕು ಸಾಗಿಸುವ ಹಡಗಿಗೆ ಅಡುಗೆಯವರಾಗಿ ಸೇರಿದರು. ವಯಸ್ಸಾದ ಮೇಲೆ ಊರಿಗೆ ಬಂದು ಮೀನಿಗೆ ಹಾಕುವ ಐಸ್ ತಯಾರಿಸುವ ಪ್ಲಾಂಟಿನಲ್ಲಿ ಕೆಲಸಕ್ಕೆ ನಿಂತರು. ಹಡಗು ಬಿಟ್ಟರೂ ಹಡಗಿನ ಅಭ್ಯಾಸಗಳು ಅವರನ್ನು ಬಿಟ್ಟಿರಲಿಲ್ಲ. ಊಟಕ್ಕೆ ಕೂತರೆ ಬಟ್ಟಲಿನ ಅಡಿಗೆ ಒದ್ದೆ ಬಟ್ಟೆ ಹಾಸುತ್ತಿದ್ದರು, ಜಾರಿ ಹೋಗಬಾರದಂತೆ. ಲೋಟಕ್ಕೆ ಅರ್ಧಕ್ಕಿಂತ ಹೆಚ್ಚು ಚಹಾ ಹಾಕುತ್ತಿರಲಿಲ್ಲ. ಅಡುಗೆಮನೆಯ ಪಾತ್ರೆಗಳೆಲ್ಲ ಕೊಕ್ಕೆಗೆ ನೇತಾಡುತ್ತಿದ್ದವು. "ಇಲ್ ನೆಲ ಅಲ್ಲಾಡುದಿಲ್ಲೆ ಮಾರ್ರೆ" ಎಂದು ಹೆಂಡತಿ ದಿನಕ್ಕೊಮ್ಮೆಯಾದರೂ ನೆನಪು ಮಾಡುತ್ತಿದ್ದರು. ಆಕೆಯನ್ನು ನಾನು ಅಕ್ಕ ಅನ್ನುತ್ತಿದ್ದೆ.

ಅವರ ಬಳಿ ಒಂದೇ ಒಂದು ಕತೆ ಇತ್ತು. ಅಷ್ಟು ದೇಶ ಸುತ್ತಿದವರು ಬೇರೆ ಏನೂ ಹೇಳುತ್ತಿರಲಿಲ್ಲ, ಅದೊಂದನ್ನು ಮಾತ್ರ ಯಾರು ಸಿಕ್ಕಿದರೂ ಹೇಳುತ್ತಿದ್ದರು. ಜಪಾನಿನ ಒಂದು ಬಂದರು. ಹೊರಗೆ ಹಿಮ ಬೀಳುತ್ತಿತ್ತು. ಪುಟ್ಟ ಅಂಗಡಿಯೊಂದರಲ್ಲಿ ಒಬ್ಬ ಮುದುಕಿ ಒಲೆಯ ಪಕ್ಕ ಕೂರಿಸಿ, ನಿಂಬೆಹಣ್ಣಿನಷ್ಟು ದೊಡ್ಡ ಬಿಳಿ ಉಂಡೆ ಕೊಟ್ಟಳು. ಮೇಲೆ ಬೆಂದ ಅಕ್ಕಿಹಿಟ್ಟಿನ ಸಿಪ್ಪೆ, ಮೆತ್ತಗೆ. ಒಳಗೆ ಐಸ್ ಕ್ರೀಮ್. "ಹೊರಗ್ ಹಿಮ, ಬದಿಯಗ್ ಒಲಿ, ಬಾಯಾಗ್ ಐಸ್. ಅಂಥ ಸುಖ ಇಲ್ಲೆ ಟೀಚರೇ."

ಯಾರೂ ನಂಬುತ್ತಿರಲಿಲ್ಲ. ಅಕ್ಕಿಹಿಟ್ಟು ಅಂದರೆ ನಮಗೆ ಕಡುಬು, ಕಡುಬು ಅಂದರೆ ಹಬೆಯಲ್ಲಿ ಬೇಯುವುದು. ಅದರೊಳಗೆ ಐಸ್ ಹೇಗೆ ಉಳಿಯುತ್ತದೆ? ಬೆಳಿಗ್ಗೆ ಎಂಟಕ್ಕೆ ಮೀನಿನ ಬುಟ್ಟಿ ಹೊತ್ತು ಬರುವ ಒಬ್ಬ ಹೆಂಗಸು ಇದ್ದಳು. ದೂರದ ಸಂಬಂಧದಲ್ಲಿ ಇವರನ್ನು ಭಾವ ಅನ್ನಬೇಕು, ಹಾಗಾಗಿ ತಮಾಷೆಗೆ ಪೂರ್ತಿ ಹಕ್ಕು. ಗೇಟಿನಲ್ಲೇ ಶುರು ಮಾಡುವಳು. "ಹ್ವಾಯ್ ಭಾವ, ಐಸ್ ಕಡ್ಬ್ ಬೆಂದ್ತಾ?" ಆಕೆಯಿಂದಾಗಿ ಮೀನು ಮಾರ್ಕೆಟ್ಟಿಗೆಲ್ಲ ಅವರು 'ಐಸ್ ಕಡುಬಿನವರು' ಆದರು. ಹಡಗಿನಲ್ಲಿ ಹೋಗಿ ಬಂದವರು ಬಿಡುವ ಬೊಗಳೆಗೆ ಅದೊಂದು ಉದಾಹರಣೆಯೂ ಆಯಿತು.

ಅವರು ಸಿಟ್ಟು ಮಾಡುತ್ತಿರಲಿಲ್ಲ. "ಮಾಡಿ ತೋರ್ಸ್ತೆ, ತಡಿ" ಅನ್ನುತ್ತಿದ್ದರು. ಆದರೆ ಆಕೆ ಹೋದ ಮೇಲೆ ಸ್ವಲ್ಪ ಹೊತ್ತು ಗೇಟಿನ ಕಡೆ ನೋಡುತ್ತಾ ಕೂತಿರುವುದನ್ನು ನಾನು ಕಂಡಿದ್ದೇನೆ. ಊರಿನಲ್ಲಿ ಅವರ ಮಾತಿಗೆ ಬೆಲೆ ಬರಬೇಕಾದರೆ ಆ ಉಂಡೆ ಆಗಲೇಬೇಕಿತ್ತು.

ಹಾಗೆ ಪ್ರತಿ ಚಳಿಗಾಲ ಪ್ರಯೋಗ. ಪ್ಲಾಂಟಿನಿಂದ ಐಸಿನ ತುಂಡನ್ನು ಗೋಣಿಯಲ್ಲಿ ಸುತ್ತಿ ತರುವುದು, ಪುಡಿ ಮಾಡಿ ಕಲ್ಲುಪ್ಪು ಬೆರೆಸಿ ಥರ್ಮೋಕೋಲ್ ಪೆಟ್ಟಿಗೆಗೆ ತುಂಬುವುದು, ಹಾಲಿನ ಡಬ್ಬಿಯನ್ನು ಅದರೊಳಗೆ ಹುಗಿದು ಗಿರಗಿರ ತಿರುಗಿಸುವುದು. ಉಪ್ಪು ಹಾಕಿದರೆ ಐಸ್ ಇನ್ನಷ್ಟು ತಣ್ಣಗಾಗುತ್ತದೆ ಎನ್ನುವುದನ್ನು ನಾನು ಪುಸ್ತಕದಲ್ಲಿ ಓದಿದ್ದೆ, ಅವರು ಕೈಯಲ್ಲಿ ಕಲಿತಿದ್ದರು. ಐಸ್ ಕ್ರೀಮಿಗೆ ಏನೂ ತೊಂದರೆ ಇರಲಿಲ್ಲ. ತೊಂದರೆ ಸಿಪ್ಪೆಯದು.

ನಾನು ಬಂದ ವರ್ಷ ಅವರು ಕಡುಬಿಗೆ ಮಾಡುವ ಹಾಗೆ ಕುದಿನೀರಿಗೆ ಹಿಟ್ಟು ಹಾಕಿ ಉಕ್ಕರಿಸಿ ಬಿಸಿಯಲ್ಲೇ ಸುತ್ತಿದರು. ಒಳಗಿನದು ಕರಗಿ ಕೈಯೆಲ್ಲ ಹಾಲು. ತಣಿಸಿ ಸುತ್ತಿದರೆ ಬಿರುಕು ಬಿಟ್ಟಿತು. ಹೇಗೋ ಸುತ್ತಿ ರಾತ್ರಿಯಿಡೀ ಐಸಿನಲ್ಲಿಟ್ಟರೆ ಬೆಳಿಗ್ಗೆ ಕಲ್ಲು. ನಾನು ಕಚ್ಚಲು ಹೆಣಗುತ್ತಿದ್ದರೆ ಅಕ್ಕ ಒಳಗಿಂದ "ಕತ್ತಿ ಕೊಡ್ಲಾ ಟೀಚರಿಗೆ?" ಎಂದು ಕೇಳಿದರು. ಮರುವರ್ಷ ಮೀನಿನ ಹಳೇ ಪೆಟ್ಟಿಗೆ ಬಳಸಿದ್ದರಿಂದ ತಿಂದವರಿಗೆಲ್ಲ ಬಂಗುಡೆಯ ವಾಸನೆ. ಮೀನಿನವಳಿಗೆ ಮಾತ್ರ ಅದು ಇಷ್ಟವಾಯಿತು. "ಭಾವ, ಇದಕ್ಕೊಂಚೂರ್ ಮೆಣ್ಸಿನ್ ಹುಡಿ ಹಾಕಿ" ಅಂದಳು.

ನಾನು ಒಂದು ನೋಟ್ ಬುಕ್ ಇಟ್ಟೆ. ಯಾವ ಅಕ್ಕಿ, ಎಷ್ಟು ಹೊತ್ತು ಬೇಯಿಸಿದ್ದು, ಎಷ್ಟು ಹೊತ್ತು ಐಸಿನಲ್ಲಿ, ಫಲಿತಾಂಶ ಏನು. ಫಲಿತಾಂಶದ ಸಾಲಿನಲ್ಲಿ ಯಾವಾಗಲೂ ಒಂದೇ ಮಾತು. ಅವರು ಒಂದು ಚೂರು ಬಾಯಿಗೆ ಹಾಕಿ, ಕಣ್ಣು ಮುಚ್ಚಿ, ಬಹಳ ಹೊತ್ತು ಬಿಟ್ಟು ಹೇಳುತ್ತಿದ್ದರು: "ಇದಲ್ಲ."

ಅಂಥ ನಾಲಗೆಯ ನೆನಪಿಗೆ ನಾನು ಬೆರಗಾಗಿದ್ದೆ. ಆದರೆ ನೋಟ್ ಬುಕ್ಕು ನೆನಪಿಗಿಂತ ಕೆಟ್ಟದ್ದು, ಏನನ್ನೂ ಮರೆಯುವುದಿಲ್ಲ. "ಅದು ಹ್ಯಾಂಗಿತ್ತು, ಸರಿ ಹೇಳಿ" ಎಂದು ಪ್ರತಿವರ್ಷ ಕೇಳಿ ಬರೆದುಕೊಳ್ಳುತ್ತಿದ್ದೆ. ಒಂದು ವರ್ಷ ಮಗುವಿನ ಕೆನ್ನೆಯ ಹಾಗೆ ಎಂದಿದ್ದರು. ಇನ್ನೊಂದು ವರ್ಷ ಎಳೆದರೆ ರಬ್ಬರಿನ ಹಾಗೆ ಬರುತ್ತದೆ ಎಂದರು. ಬಣ್ಣ ಮೊದಲು ಬಿಳಿ, ಆಮೇಲೆ ತಿಳಿ ಹಸಿರು. ಸಿಪ್ಪೆ ಸಿಹಿಯೋ ಸಪ್ಪೆಯೋ ಎಂದು ಕೇಳಿದರೆ "ಎರ್ಡೂ" ಎಂದರು. ನನ್ನ ಟೀಚರ್ ಬುದ್ಧಿ ಸುಮ್ಮನಿರಲಿಲ್ಲ.

ನಾಲ್ಕನೇ ಚಳಿಗಾಲದ ಒಂದು ಭಾನುವಾರ. ಮೀನಿನವಳು ಜಗಲಿಯಲ್ಲಿ ಬುಟ್ಟಿ ಇಳಿಸಿ ಕೂತಿದ್ದಾಳೆ, ಅಕ್ಕ ಮೀನು ಆರಿಸುತ್ತಿದ್ದಾರೆ. ಇವರು ಹೊಸ ಉಂಡೆಯ ಚೂರು ಬಾಯಿಗೆ ಹಾಕಿ ಕಣ್ಣು ಮುಚ್ಚಿ "ಇದಲ್ಲ" ಅಂದರು. ನಾನು ನೋಟ್ ಬುಕ್ ತೆರೆದು ಹಿಂದಿನ ವರ್ಷಗಳದ್ದನ್ನೆಲ್ಲ ಒಂದೊಂದಾಗಿ ಓದಿದೆ. ಓದಿ, ತಪ್ಪು ಉತ್ತರ ಬರೆದ ಹುಡುಗನನ್ನು ಕೇಳುವ ಸ್ವರದಲ್ಲಿ ಕೇಳಿದೆ, "ನೀವ್ ಖರೆ ತಿಂದಿರ್ಯಾ?"

ಮೀನಿನವಳು ಕೈತಟ್ಟಿ ನಕ್ಕಳು. "ಹಾಂಗ್ ಕೇಣಿ ಟೀಚರೇ! ಈಗ ಸಿಕ್ಕಿಬಿದ್ದಿರ್ ಭಾವ!"

ಅವರು ಮಫ್ಲರ್ ಬಿಚ್ಚಿ ಮಡಚಿ ಜಗಲಿಯ ಮೇಲಿಟ್ಟು ಒಳಗೆ ಹೋದರು. ಮರುದಿನ ಬೆಳಿಗ್ಗೆ ಜಗಲಿ ಖಾಲಿ. ಅದರ ಮರುದಿನವೂ ಖಾಲಿ. ವರ್ಷದ ಒಳ್ಳೆಯ ಚಳಿ ಒಂದೊಂದೇ ದಿನವಾಗಿ ಖರ್ಚಾಗಿ ಹೋಗುತ್ತಿತ್ತು, ಅವರು ಎದ್ದು ಚಹಾ ಕುಡಿದು ತಲೆ ತಗ್ಗಿಸಿ ಪ್ಲಾಂಟಿಗೆ ಹೋಗುತ್ತಿದ್ದರು. ನನ್ನನ್ನು ಕಂಡರೆ "ಹೋತ್ರಿಯಾ?" ಎಂದಷ್ಟೇ ಕೇಳುತ್ತಿದ್ದರು. ನನಗೆ ನಾಚಿಕೆಯಾಯಿತು. ಆದರೆ ನಾನು ಕೇಳಿದ್ದರಲ್ಲಿ ತಪ್ಪೇನು ಎಂಬ ಹಠವೂ ಒಳಗೆ ಇತ್ತು.

ಐದನೇ ದಿನ ಅಕ್ಕ ಬಾವಿಕಟ್ಟೆಯ ಹತ್ತಿರ ನನ್ನನ್ನು ಹಿಡಿದರು.

"ಟೀಚರೇ, ನೀವ್ ಕೇಂಡದ್ದ್ ಸಮ. ಅವ್ರ್ ಅದನ್ನ ತಿಂದದ್ದೇ ಇಲ್ಲೆ."

ನಾನು ಕೊಡಪಾನ ಕೆಳಗಿಟ್ಟೆ.

"ಹಡಗ್ ಬಂದ್ರಿಗ್ ನಿಂತ್ರೆ ಎಲ್ಲರೂ ಇಳ್ದ್ ತಿರ್ಗುಕ್ ಹೋತ್ರ್. ಉಳ್ದವ್ರಿಗ್ ಅನ್ನ ಬೇಯ್ಸುಕೆ ಯಾರಾರೂ ಬೇಕಲ್ದಾ? ಇವ್ರೇ. ಅಷ್ಟ್ ದೇಶಕ್ ಹೋದ್ರೂ ಕಂಡದ್ದ್ ಅನ್ನದ್ ಹಂಡಿ ಮಾತ್ರ. ಜಪಾನಿನಗ್ ಇಳ್ದದ್ದ್ ಇವ್ರ್ ಜೊತಿಯವ. ಅವ ತಿಂದ್ ಬಂದ್, ಇವ್ರ್ ಸೌಟ್ ಹಿಡ್ಕಂಡ್ ನಿಂತಲ್ಲಿಗೆ ಬಂದ್ ಹೇಳ್ದ. ಮದಿ ಆದ್ ವರ್ಷವೇ ನಂಗ್ ಹೇಳಿರ್. ಊರಿಗ್ ಬಂದ್ರೆ ಎಲ್ಲರೂ ಕೇಂಬುದೇ, ಎಂತ ಕಂಡ್ರಿ, ಎಂತ ತಿಂದ್ರಿ ಅಂದೇಳಿ. ಎಂತ ಹೇಳುದ್? ಅನ್ನ ಬೇಯ್ಸ್ದೆ ಅಂಬುದಾ? ಅದಕ್ಕೆ ಆ ಒಂದನ್ನ ತಮ್ದ್ ಮಾಡ್ಕಂಡಿರ್. ಒಂದೇ ಒಂದ್."

ಹೇಳಿ ಸೆರಗಿನಲ್ಲಿ ಮುಖ ಒರೆಸಿಕೊಂಡರು. ಅತ್ತದ್ದಲ್ಲ, ಬೆವರೂ ಅಲ್ಲ, ಸುಮ್ಮನೆ. "ನಾನ್ ಹೇಳ್ದೆ ಅಂದೇಳಿ ಅವ್ರಿಗ್ ಗೊತ್ತಾಪುಕಾಗ. ನೀವೇ ಕೇಂಡದ್ದ್, ನೀವೇ ಸಮ ಮಾಡಿ."

ಅವತ್ತು ಬೈಂದೂರಿನ ಬಸ್ಸಿನಲ್ಲಿ ಕಿಟಕಿಯ ಬದಿ ಕೂತು ನಾನು ಯೋಚಿಸಿದ್ದು ಒಂದೇ. ತಿನ್ನದೇ ಇದ್ದವರು ಅಷ್ಟು ಖಂಡಿತವಾಗಿ 'ಇದಲ್ಲ' ಎಂದು ಹೇಗೆ ಹೇಳುತ್ತಿದ್ದರು? ಅವರ ಬಾಯಲ್ಲಿ ಏನಿತ್ತು? ಇನ್ನೊಬ್ಬನ ಮಾತು ಕೇಳಿ ಕಟ್ಟಿಕೊಂಡ ರುಚಿಗೂ ಒಂದು ಅಳತೆ ಇರುತ್ತದೆಯೇ?

ದಾರಿ ಸಿಕ್ಕಿದ್ದು ಆ ವಾರದ ಕೊನೆಯಲ್ಲಿ, ಮಗಳು ಬರುತ್ತಾಳೆಂದು ಅಕ್ಕ ಹಾಲುಬಾಯಿ ಮಾಡಿದಾಗ. ಅಕ್ಕಿ, ತೆಂಗಿನಕಾಯಿ ನುಣ್ಣಗೆ ರುಬ್ಬಿ, ಹಾಲು ಹಿಂಡಿ, ಬೆಲ್ಲ ಹಾಕಿ ತಳ ಬಿಡುವವರೆಗೆ ತಿರುವಿ ತಟ್ಟೆಗೆ ಸುರಿಯುವ ಸಿಹಿ ಅದು. ನಮ್ಮಲ್ಲಿ ಯಾರ ಮನೆಯಲ್ಲೂ ಹೊಸದಲ್ಲ. ಉಳಿದ ಎರಡು ತುಂಡನ್ನು ಇರುವೆ ಮುತ್ತದ ಹಾಗೆ ಅಕ್ಕ, ಇವರು ಅಭ್ಯಾಸಬಲದಿಂದ ಐಸು ಉಪ್ಪು ತುಂಬಿಸಿಟ್ಟಿದ್ದ ಪೆಟ್ಟಿಗೆಯೊಳಗೆ ಇಟ್ಟು ಮರೆತಿದ್ದರು. ಮರುದಿನ ಬೆಳಿಗ್ಗೆ ನಾನು ಅದನ್ನು ತೆಗೆದು ಬೆರಳಲ್ಲಿ ಒತ್ತಿದೆ. ಗುರುತು ಬಿದ್ದು ಮೆಲ್ಲಗೆ ಮೇಲೆದ್ದಿತು. ಐಸಿನಷ್ಟು ತಣ್ಣಗೆ, ಆದರೂ ಮೆತ್ತಗೆ.

"ಅಕ್ಕಾ" ಎಂದು ಕೂಗಿದೆ. ಉಪ್ಪು ಹಾಕಿದ ನೀರು ಬೇಗ ಹೆಪ್ಪುಗಟ್ಟುವುದಿಲ್ಲ, ಸಕ್ಕರೆ ಬೆಲ್ಲ ಹಾಕಿದ್ದೂ ಅಷ್ಟೆ. ವರ್ಷವರ್ಷ ಬೋರ್ಡಿನ ಮೇಲೆ ಬರೆಯುವ ವಿಷಯ. ನಾಲ್ಕು ಚಳಿಗಾಲ ಸಪ್ಪೆ ಹಿಟ್ಟಿನ ಜೊತೆ ಗುದ್ದಾಡಿದ ನನಗೆ ಅದು ಹೊಳೆದಿರಲಿಲ್ಲ. ನಮಗೆ ಕಡುಬಿನ ಹಿಟ್ಟೆಂದರೆ ಸಪ್ಪೆಯೇ, ಸಿಹಿ ಒಳಗಿನ ಹೂರಣಕ್ಕೆ ಮಾತ್ರ. ಅಲ್ಲೇ ನಾವು ಮೂವರೂ ಎಡವಿದ್ದೆವು.

ಮುಂದಿನ ಭಾನುವಾರ ನಸುಕಿಗೆ ಅಕ್ಕ ಬೆಲ್ಲದ ಬದಲು ಸಕ್ಕರೆ ಹಾಕಿ ಬಿಳಿ ಹಾಲುಬಾಯಿ ತಿರುವಿದರು. ಬಾಳೆಲೆಯ ಮೇಲೆ ತೆಳ್ಳಗೆ ಹರಡಿ ತಣಿಸಿದೆವು. ಐಸ್ ಕ್ರೀಮನ್ನು ಹಿಂದಿನ ಸಂಜೆ ಮಾರ್ಕೆಟ್ಟಿನಿಂದ ಐಸ್ ತಂದು ನಾನೇ ಕದ್ದು ಮಾಡಿದ್ದೆ, ತೋಳು ಬಿದ್ದು ಹೋಗುವ ಹಾಗೆ ಡಬ್ಬಿ ತಿರುಗಿಸಿ. ಮೊದಲಿನ ಮೂರು ಉಂಡೆ ಹರಿದವು. ನಾಲ್ಕನೆಯದು ನಿಂತಿತು. ಒಟ್ಟು ಏಳು ಆಯಿತು. ಸೆಕೆಗಾಲದಲ್ಲಾಗಿದ್ದರೆ ಒಂದೂ ಆಗುತ್ತಿರಲಿಲ್ಲ. ಸ್ವಲ್ಪ ಹೊತ್ತು ಐಸಿನಲ್ಲಿಟ್ಟು ತಟ್ಟೆಯಲ್ಲಿ ಜೋಡಿಸಿ, ಮಡಚಿಟ್ಟ ಮಫ್ಲರ್ ಜೊತೆ ಅವರ ಮುಂದಿಟ್ಟೆ.

"ಕಾಣಿ" ಎಂದೆ.

ಅವರು ಬೆರಳಲ್ಲಿ ಒತ್ತಿ ನೋಡಿದರು. ನನ್ನನ್ನು ನೋಡಿದರು. ಆಮೇಲೆ ಅಕ್ಕನನ್ನು ಬಹಳ ಹೊತ್ತು ನೋಡಿದರು. ಅಕ್ಕ ಒಲೆಯ ಬೂದಿ ಕೆದಕುವುದರಲ್ಲಿ ಇದ್ದರು. ಇವರು ಮಫ್ಲರ್ ಸುತ್ತಿಕೊಂಡು ಒಂದು ಉಂಡೆ ಕಚ್ಚಿದರು. ಸಿಪ್ಪೆ ಸ್ವಲ್ಪ ಎಳೆದುಕೊಂಡು ಬಂತು, ಒಳಗಿನ ಬಿಳಿ ಹಾಗೇ ನಿಂತಿತ್ತು. ಕಣ್ಣು ಮುಚ್ಚಿದರು.

"ಇದೇ" ಅಂದರು. ಕಣ್ಣು ತೆರೆಯದೆ ಇನ್ನೊಮ್ಮೆ ಹೇಳಿದರು. "ಹ್ವಾಯ್, ಇದೇ ಕಾಣಿ."

ಎಂಟು ಗಂಟೆಗೆ ಮೀನಿನವಳು ಗೇಟಿನಲ್ಲಿ ಬಾಯಿ ತೆರೆಯುವ ಮೊದಲೇ ಇವರೇ ಕೂಗಿದರು. "ಬುಟ್ಟಿ ಇಳ್ಸ್. ಬಾಯಿ ತೆಗಿ." ಆಕೆ ಒಂದು ತಿಂದಳು. ಇನ್ನೊಂದು ತಿಂದಳು. "ಭಾವಾ, ಇದ್ ಸುಳ್ಳಲ್ಲ ಮಾರ್ರೆ! ಒಳಗ್ ಖರೆ ಐಸ್ ಇತ್ತ್!" ಹತ್ತು ಗಂಟೆಯೊಳಗೆ ಮಾರ್ಕೆಟ್ಟಿಗೆಲ್ಲ ಗೊತ್ತಾಯಿತು. ಐಸ್ ಕಡುಬಿನವರು ಎಂಬ ಹೆಸರು ಹಾಗೇ ಉಳಿಯಿತು, ಹೇಳುವ ಸ್ವರ ಮಾತ್ರ ಬದಲಾಯಿತು. ಆಮೇಲೆ ಪ್ರತಿವರ್ಷ ಮಾಗಿಯ ಒಂದು ಭಾನುವಾರ ಅವರ ಜಗಲಿಯಲ್ಲಿ ಮಫ್ಲರ್ ಸುತ್ತಿಕೊಂಡ ಜನ ಸಾಲಾಗಿ ಕೂತು ನಡುಗುತ್ತಾ ಐಸ್ ಕಡುಬು ತಿನ್ನುವುದು ಒಂದು ಪದ್ಧತಿಯೇ ಆಯಿತು. ಹೊರಗೆ ಹಿಮ ಇಲ್ಲದಿದ್ದರೂ ಬದಿಗೆ ಒಲೆ ಇರಲಿ ಎಂದು ಅಕ್ಕ ಒಂದು ಬಾಂಡ್ಲಿಯಲ್ಲಿ ತೆಂಗಿನ ಗೆರಟೆಯ ಕೆಂಡ ತಂದಿಡುತ್ತಿದ್ದರು.

ನನಗೆ ಬ್ರಹ್ಮಾವರದ ಕಡೆಗೆ ವರ್ಗವಾಯಿತು. ಹೋಗುವುದು ಕಡಿಮೆಯಾದರೂ ಆ ಭಾನುವಾರ ತಪ್ಪಿಸುತ್ತಿರಲಿಲ್ಲ. ಆ ಗುಟ್ಟು ನನಗೆ ಗೊತ್ತಿದೆ ಎಂದು ಅವರಿಗೆ ಗೊತ್ತಿತ್ತೋ ಇಲ್ಲವೋ ನಾನರಿಯೆ. ಆ ಮಾತು ಬರಲಿಲ್ಲ, ನಾನು ತರಲೂ ಇಲ್ಲ.

ಅವರು ಹೋಗುವ ಮುಂಚಿನ ಚಳಿಗಾಲ ಮಣಿಪಾಲದ ಒಂದು ದೊಡ್ಡ ಅಂಗಡಿಯ ಫ್ರೀಜರಿನಲ್ಲಿ ಒಂದು ಪೆಟ್ಟಿಗೆ ಕಂಡೆ. ಮೇಲೆ ಉರುಟುರುಟು ಬಿಳಿ ಉಂಡೆಗಳ ಚಿತ್ರ. ಹೆಸರು ಜಪಾನಿನದು, ಮೋಚಿ. ಅಕ್ಕಿಹಿಟ್ಟು, ಸಕ್ಕರೆ, ಒಳಗೆ ಐಸ್ ಕ್ರೀಮ್. ನಾನು ಅಲ್ಲೇ ನಿಂತು ಎರಡು ಸಲ ಓದಿದೆ. ಇತ್ತು, ನಿಜವಾಗಿ ಇತ್ತು, ಹಡಗಿನ ಆ ಜೊತೆಗಾರ ಸುಳ್ಳು ಹೇಳಿರಲಿಲ್ಲ. ಅದನ್ನು ಕೊಂಡು, ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಐಸು, ಉಪ್ಪು ತುಂಬಿಸಿಕೊಂಡು ಕುಂದಾಪುರದ ಬಸ್ಸು ಹತ್ತಿದೆ.

ರಾತ್ರಿ ಅಲ್ಲೇ ಉಳಿದು ಬೆಳಿಗ್ಗೆ ಆರಕ್ಕೆ ಜಗಲಿಗೆ ತಂದೆ. ಅವರು ತುಂಬ ಇಳಿದು ಹೋಗಿದ್ದರು. ಸ್ವೆಟರಿನೊಳಗೆ ಇನ್ನೊಬ್ಬರು ಹಿಡಿಯುವಷ್ಟು ಜಾಗ. "ನಿಮ್ ಜಪಾನಿಂದೇ ಬಂದದ್ದ್" ಎಂದು ಪೆಟ್ಟಿಗೆ ತೆರೆದೆ. ಅಕ್ಕ ಕೆಂಡದ ಬಾಂಡ್ಲಿ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟರು. ಅವರು ಒಂದನ್ನು ಎತ್ತಿಕೊಂಡರು. ಕಚ್ಚಿ, ಕಣ್ಣು ಮುಚ್ಚಿ, ಅಷ್ಟು ಹೊತ್ತು ಕೂತದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಅದನ್ನು ತಿನ್ನುತ್ತಿದ್ದಾರೆ ಎಂದು ಅಲ್ಲಿದ್ದ ಮೂವರಿಗೂ ಗೊತ್ತಿತ್ತು, ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಕೊನೆಗೆ ಕಣ್ಣು ತೆರೆದರು.

"ಲಾಯ್ಕ್ ಇತ್ತ್" ಅಂದರು. ಸ್ವಲ್ಪ ತಡೆದು ತಲೆ ಅಲ್ಲಾಡಿಸಿದರು. "ಆರೆ ಇದಲ್ಲ ಟೀಚರೇ. ನಿಮ್ಗ್ ಯಾರೋ ಮೋಸ ಮಾಡಿರ್."

ಬಾಗಿಲಲ್ಲಿದ್ದ ಅಕ್ಕ ಬಾಂಡ್ಲಿ ಕೆಳಗಿಟ್ಟು ನೆಲದ ಮೇಲೆ ಕೂತು ನಗತೊಡಗಿದರು, ಕಣ್ಣಲ್ಲಿ ನೀರು ಬರುವವರೆಗೆ. ಅವರು ಮಾತ್ರ ನಗದೆ ನನ್ನ ಮುಖವನ್ನೇ ನೋಡುತ್ತಿದ್ದರು. ಹಿಂದೊಮ್ಮೆ ಇದೇ ಜಗಲಿಯಲ್ಲಿ ನೋಟ್ ಬುಕ್ ಹಿಡಿದು ನಾನು ಅವರನ್ನು ಕೇಳಿದ್ದೆನಲ್ಲ, ಆ ಪ್ರಶ್ನೆಗೆ ಈಗ ನನ್ನಿಂದಲೇ ಉತ್ತರ ಬರಬೇಕಿತ್ತು.

"ಮೋಸವೇ ಇರ್ಕ್" ಎಂದೆ. "ನೀವ್ ಅಲ್ಲೇ ಹೋಯ್ ತಿಂದವ್ರಲ್ದಾ, ನಿಮ್ಗೇ ಗೊತ್ತ್."

ಅವರು ಮಫ್ಲರ್ ಸರಿಮಾಡಿಕೊಂಡು ಎರಡನೆಯದಕ್ಕೆ ಕೈ ಹಾಕಿದರು.